ಕಾಣೆಯಾದ ಸೆರೆಯಾಳಿನ ಜಾಡು

ಯುದ್ಧಭೂಮಿಯಿಂದ ಸಿಪಾಯಿಯ ಮನೆಗೆ 'ಕ್ಷೇಮ' ಎಂಬ ಸುದ್ದಿ ಬಂದರೆ ಹರ್ಷ, 'ಮಡಿದನು' ಎಂಬ ಸುದ್ದಿ ಬಂದರೆ ಶೋಕ. 'ಕಾಣೆಯಾಗಿದ್ದಾನೆ' ಎಂಬ ಸುದ್ದಿಯಾದರೋ ಮನೆಯವರನ್ನು ವರ್ಷಗಟ್ಟಲೆ ಸಂದೇಹದಲ್ಲಿಯೇ ಇರಿಸುವುದು. ಹೆಂಡತಿಯು ಕುಂಕುಮವನ್ನು ಇಡಬೇಕೋ ಅಳಿಸಬೇಕೋ ತಿಳಿಯಳು. ಹೊಲವನ್ನು ಯಾರ ಹೆಸರಿಗೆ ಬರೆಯಿಸಬೇಕೆಂದು ತಂದೆಯು ಅರಿಯನು. ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಭಾವಿಸಬಹುದೆಂದು ನಮ್ಮ ಸಾಕ್ಷ್ಯದ ಕಾನೂನು ಹೇಳುವುದು. ಆದರೆ ಭಾವಿಸುವುದು ಬೇರೆ, ತಿಳಿಯುವುದು ಬೇರೆ. ತಿಳಿಯುವ ಶಾಸ್ತ್ರೀಯ ಮಾರ್ಗ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಕೂಟ್‌ನ ಸೆರೆಯಾಳುಗಳು

1916ರ ಏಪ್ರಿಲ್ 29ರಂದು ಇಂದಿನ ಇರಾಕಿನ ಕೂಟ್ ಎಂಬ ಊರಿನಲ್ಲಿ, 147 ದಿನಗಳ ಮುತ್ತಿಗೆಯ ಅನಂತರ, ಸುಮಾರು 13,000 ಜನರ ಬ್ರಿಟಿಷ್-ಭಾರತೀಯ ಸೈನ್ಯವು ತುರ್ಕರಿಗೆ ಶರಣಾಯಿತು. ಅದರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದುವು. ಬೆಳಗಾವಿ ಜಿಲ್ಲೆಯಿಂದಲೂ ಮರಾಠಾ ಪಲ್ಟಣಗಳಿಗೆ ಜನರು ಸೇರುತ್ತಿದ್ದರು. ಸೆರೆಯಾಳುಗಳನ್ನು ಮರುಭೂಮಿಯಲ್ಲಿ ಉತ್ತರಕ್ಕೆ ನಡೆಯಿಸಿಕೊಂಡು ಹೋದರು. ಅನೇಕರನ್ನು ರೈಲುಹಾದಿಯ ಕೆಲಸಕ್ಕೆ ಹಚ್ಚಿದರು. ಸಾವಿರಾರು ಜನರು ಮರಳಿ ಬರಲಿಲ್ಲ. ಬಸ್ರಾದಲ್ಲಿ ಎದ್ದ ಸ್ಮಾರಕದ ಫಲಕಗಳ ಮೇಲೆ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಸಾಮಾನ್ಯ ಸಿಪಾಯಿಗಳ ವಿಷಯದಲ್ಲಿಯಾದರೋ ಪಲ್ಟಣದ ಹೆಸರಿನ ಕೆಳಗೆ ಬರಿಯ ಸಂಖ್ಯೆಯನ್ನು ಬರೆದರು. ಹೀಗೆ ಕಲ್ಲಿನ ಮೇಲೆ ಅಳಿದ ಹೆಸರನ್ನು ಕಾಗದದಲ್ಲಿಯೇ ಹುಡುಕಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರ ಜೂನ್ 21ರಂದು, ಟೋಬ್ರುಕ್ ಪತನವಾದಾಗಲೂ ಒಂದು ಮರಾಠಾ ಪಲ್ಟಣವು ಸೆರೆಸಿಕ್ಕಿತು.

ಎರಡು ಚೀಟಿಗಳ ಭೇಟಿ

1914ರ ಆಗಸ್ಟಿನಲ್ಲಿ ರೆಡ್‌ಕ್ರಾಸ್ ಸಂಸ್ಥೆಯು ಜಿನೀವಾದಲ್ಲಿ ಸೆರೆಯಾಳುಗಳ ಕಚೇರಿಯೊಂದನ್ನು ತೆರೆಯಿತು. ಅದರ ವಿಧಾನವು ಸರಳ. ಮನೆಯವರು ವಿಚಾರಿಸಿ ಬರೆದರೆ ಅದಕ್ಕೊಂದು ಚೀಟಿ; ಶತ್ರುದೇಶದ ಪಟ್ಟಿಯಲ್ಲಿ ಹೆಸರು ಬಂದರೆ ಅದಕ್ಕೊಂದು ಚೀಟಿ. ಎರಡನ್ನೂ ಒಂದೇ ಅಕಾರಾದಿಯಲ್ಲಿ ಜೋಡಿಸುತ್ತಿದ್ದರು. ಒಬ್ಬನದೇ ಎರಡು ಚೀಟಿಗಳು ಪೆಟ್ಟಿಗೆಯಲ್ಲಿ ಪಕ್ಕಪಕ್ಕಕ್ಕೆ ಬಂದು ಕುಳಿತರೆ ಪತ್ತೆಯಾದಂತೆಯೇ. ಆ ಯುದ್ಧದಲ್ಲಿ ಸುಮಾರು 20 ಲಕ್ಷ ಸೆರೆಯಾಳುಗಳ ಲೆಕ್ಕವನ್ನು ಹೀಗೆ ಇಡಲಾಯಿತು.

ಆದರೆ ಅಕಾರಾದಿಗೆ ಒಂದು ಶತ್ರು ಉಂಟು: ಕಾಗುಣಿತ. ನಮ್ಮ ಊರಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬನು ಒಂದೊಂದು ಬಗೆಯಾಗಿ ಬರೆಯುವನು. ಇದಕ್ಕೆ ಪರಿಹಾರವಾಗಿ 1918ರಲ್ಲಿ ಅಮೆರಿಕದಲ್ಲಿ 'ಸೌಂಡೆಕ್ಸ್' ಎಂಬ ಕ್ರಮಕ್ಕೆ ಪೇಟೆಂಟ್ ದೊರೆಯಿತು. ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಧ್ವನಿಯ ವರ್ಗಕ್ಕೆ ತಕ್ಕಂತೆ ಅಂಕೆಯನ್ನು ಕೊಡುವುದೇ ಇದರ ರೀತಿ. ಕ, ಗ ಮೊದಲಾದುವಕ್ಕೆ 2, ತ-ದಗಳಿಗೆ 3, ಲಕಾರಕ್ಕೆ 4, ರಕಾರಕ್ಕೆ 6. ಒತ್ತಕ್ಷರವನ್ನು ಒಂದಾಗಿಯೇ ಎಣಿಸಬೇಕು. ಅಂಕೆಗಳು ಮೂರಕ್ಕಿಂತ ಕಡಿಮೆಯಾದರೆ ಸೊನ್ನೆ ಸೇರಿಸಬೇಕು.

ಈಗ ನೋಡಿರಿ: 'ಹುಕೇರಿ' ಎಂದು ಬರೆದರೂ 'ಹುಕ್ಕೇರಿ' ಎಂದು ಬರೆದರೂ ಎಚ್-260, 'ಮುದಲ್ಗಿ' ಎಂದರೂ 'ಮೂಡಲಗಿ' ಎಂದರೂ ಎಂ-342. ಗೋಕಾಕವು ಜಿ-220. ಆದರೆ 'ಬೆಳಗಾಂ' ಬಿ-425, 'ಬೆಳಗಾವಿ' ಬಿ-421! ಹೆಸರೇ ಬದಲಾದರೆ ಗಣಿತವು ಸೋಲುವುದು. ಅಲ್ಲಿ ಚರಿತ್ರೆಯು ನೆರವಿಗೆ ಬರಬೇಕು.

1884ರ ಗ್ಯಾಸೆಟಿಯರಿನ ಕಾಲದಲ್ಲಿ ಹುಕ್ಕೇರಿಯು ಚಿಕ್ಕೋಡಿ ತಾಲ್ಲೂಕಿಗೆ ಸೇರಿತ್ತು. ಮೂಡಲಗಿಯು ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾದುದು 2010ರ ಈಚಿನ ಮಾತು. 1956ರವರೆಗೆ ಇಡೀ ಜಿಲ್ಲೆಯು ಮುಂಬಯಿಗೆ ಸೇರಿತ್ತು. ಆದುದರಿಂದ ಹಳೆಯ ಸೈನ್ಯದ ಕಾಗದಗಳಲ್ಲಿ 'ಕರ್ನಾಟಕ, ಮೂಡಲಗಿ ತಾಲ್ಲೂಕು' ಎಂದು ಹುಡುಕುವವನಿಗೆ ಏನೂ ಸಿಕ್ಕದು.

ಸುಳಿವನ್ನು ತೂಗುವ ಬಗೆ

1949ರ ಜಿನೀವಾ ಒಪ್ಪಂದದಂತೆ, ಶಿಬಿರವನ್ನು ಸೇರಿದ ಒಂದು ವಾರದೊಳಗೆ ಸೆರೆಯಾಳಿಗೆ ಮನೆಗೂ ಜಿನೀವಾ ಕಚೇರಿಗೂ ಕಾರ್ಡು ಬರೆಯಲು ಅವಕಾಶವನ್ನು ಕೊಡಬೇಕು. ಕಾರ್ಡು ಬಾರದಿದ್ದರೆ? ಆಗ ಗುಪ್ತವಾದ ಸುಳಿವುಗಳೇ ಗತಿ.

1971ರ ಯುದ್ಧದಿಂದ ಮರಳದ ನಮ್ಮ 54 ಯೋಧರು ಪಾಕಿಸ್ತಾನದ ಸೆರೆಯಲ್ಲಿ ಉಳಿದರೆಂದು ನಂಬಲಾಗಿದೆ. ಆ ದೇಶವು ಇದನ್ನು ಅಲ್ಲಗಳೆಯುತ್ತ ಬಂದಿದೆ. ಆ ವರ್ಷದ ಡಿಸೆಂಬರ್ 27ರ 'ಟೈಮ್' ಪತ್ರಿಕೆಯಲ್ಲಿ ಕಂಬಿಗಳ ಹಿಂದೆ ನಿಂತ ಸೆರೆಯಾಳೊಬ್ಬನ ಚಿತ್ರವು ಅಚ್ಚಾಯಿತು, ಮೇಜರ್ ಎ. ಕೆ. ಘೋಷ್ ಅವರ ಮನೆಯವರು ಅದನ್ನು ಅವರದೆಂದು ಗುರುತಿಸಿದರು. ಮಡಿದರೆಂದು ಬಗೆಯಲಾಗಿದ್ದ ಮೇಜರ್ ಅಶೋಕ್ ಸೂರಿ ಅವರ ಪತ್ರವು 1975ರಲ್ಲಿ ಕರಾಚಿಯಿಂದ ತಂದೆಗೆ ತಲಪಿತು. ಅಕ್ಷರವು ಅವರದೇ ಎಂದು ಒಪ್ಪಿದ ಮೇಲೆ ಸರ್ಕಾರವು ಅವರನ್ನು 'ಕಾಣೆಯಾದವರು' ಎಂದು ತಿದ್ದಿ ದಾಖಲಿಸಿತು. 2007ರಲ್ಲಿ ಬಂಧುಗಳು ಪಾಕಿಸ್ತಾನದ ಜೈಲುಗಳಿಗೇ ಹೋಗಿ ಹುಡುಕಿದರೂ ತಮ್ಮವರನ್ನು ಕಾಣದೆ ಮರಳಿದರು.

ಇಂತಹ ಸುಳಿವುಗಳಿಂದ ನಾವು ಎಷ್ಟನ್ನು ನಿರ್ಣಯಿಸಬಹುದು? ಅಕ್ಷರವು ಯಾರು ಬರೆದರೆಂಬುದನ್ನು ತಿಳಿಸುವುದು. ಅಂಚೆಯ ಮುದ್ರೆಯು ಎಂದು ಹಾಕಿದರೆಂಬುದನ್ನು ಹೇಳುವುದೇ ಹೊರತು ಎಂದು ಬರೆದರೆಂಬುದನ್ನಲ್ಲ. ಬರೆದ ದಿನ ಬದುಕಿದ್ದನೆಂದರೆ ಇಂದೂ ಬದುಕಿರುವನೆಂದು ಅರ್ಥವಲ್ಲ. ಹತ್ತು ಜನರು ಹೇಳಿದರೂ ಹತ್ತೂ ಮಾತುಗಳು ಒಂದೇ ವದಂತಿಯಿಂದ ಹುಟ್ಟಿದ್ದರೆ ಸಾಕ್ಷಿಯು ಒಂದೇ. ಪರಸ್ಪರ ಸಂಬಂಧವಿಲ್ಲದ ಎರಡು ಸುಳಿವುಗಳು ಒಂದೇ ಸ್ಥಳವನ್ನೂ ಕಾಲವನ್ನೂ ತೋರಿದಾಗ ನಂಬಿಕೆಗೆ ಬಲ ಬರುವುದು. ಅಸ್ಥಿಗಳು ದೊರೆತರೆ, ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಅವನ ಅಕ್ಕತಂಗಿಯರದರೊಡನೆ ಹೋಲಿಸಬಹುದು.

ವಿದ್ಯಾರ್ಥಿಗಳು ಮಾಡಬಹುದಾದುದು

ಮೊದಲನೆಯ ಮಹಾಯುದ್ಧದ ಪದಕವು ನಿಮ್ಮ ಊರಿನ ಯಾವುದಾದರೂ ಮನೆಯ ಪೆಟ್ಟಿಗೆಯಲ್ಲಿ ಇದ್ದರೆ ಅದರ ಅಂಚನ್ನು ಭೂತಗನ್ನಡಿಯಿಂದ ನೋಡಿರಿ. ಸಿಪಾಯಿಯ ಸಂಖ್ಯೆ, ಹೆಸರು, ಪಲ್ಟಣಗಳು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಮೂಡಿರುವುವು. ಉಜ್ಜಿ ಹೊಳಪು ಕೊಡುವ ಗೋಜಿಗೆ ಹೋಗಬೇಡಿರಿ, ಅಕ್ಷರಗಳು ಸವೆಯುವುವು. ಆ ಮೂರನ್ನೂ ಬರೆದುಕೊಂಡು, ಆ ಕಾಲದ ತಾಲ್ಲೂಕಿನ ಹೆಸರನ್ನು ಸೇರಿಸಿದರೆ ಹುಡುಕುವವನಿಗೆ ಮೊದಲನೆಯ ಚೀಟಿ ಸಿದ್ಧವಾದಂತೆ. ಎರಡನೆಯ ಚೀಟಿಯು 2014ರಿಂದ ಎಲ್ಲರಿಗೂ ತೆರೆದಿರುವ ಜಿನೀವಾದ ಆ ಹಳೆಯ ಪೆಟ್ಟಿಗೆಗಳಲ್ಲಿ ಕಾದಿರಬಹುದು.