ಹಾಜರಿ ಸಂಖ್ಯೆ ಒಂಬತ್ತು: ಅಭ್ಯಾಸ ಬೋಧನೆಯ ಒಂದು ಅನುಭವ

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಮಾಗಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. 10ನೇ ತರಗತಿಗೆ ವಿಜ್ಞಾನ, 8ನೇ ತರಗತಿಗೆ ಗಣಿತ. 10ನೇ ತರಗತಿಯಲ್ಲಿ 38 ಮಕ್ಕಳು. ಅಲ್ಲಿನ ರೂಢಿಯಂತೆ ಹಾಜರಿಯನ್ನು ಹೆಸರಿನಿಂದಲ್ಲ, ಕ್ರಮಸಂಖ್ಯೆಯಿಂದ ಕೂಗುತ್ತಿದ್ದೆ. ಮೊದಲ ದಿನ ‘ಎಂಟು’ ಆದ ಮೇಲೆ ಹಿಂದಿನ ಬೆಂಚುಗಳಿಂದ ಅದುಮಿಟ್ಟ ನಗುವೊಂದು ಕೇಳಿಸಿತು. ‘ಒಂಬತ್ತು’ ಎಂದಾಗ ಕಿಟಕಿ ಪಕ್ಕದ ಹುಡುಗನೊಬ್ಬ ತಲೆ ಎತ್ತದೆ ‘ಪ್ರೆಸೆಂಟ್ ಸಾರ್’ ಎಂದ. ನಾನು ‘ಹತ್ತು’ ಎಂದು ಮುಂದೆ ಹೋದೆ.

ಆ ಅಂಕಿಗೆ ನಮ್ಮ ಕಡೆ ಇರುವ ಇನ್ನೊಂದು ಅರ್ಥ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರನ್ನು ಹೀಯಾಳಿಸಲು ಬಳಸುವ ಅಂಕಿ ಅದು. ಮೆತ್ತಗೆ ಮಾತನಾಡುವ, ಕಬಡ್ಡಿಗೆ ಬಾರದ, ಹುಡುಗಿಯರ ಜೊತೆ ನೋಟ್ಸ್ ಹಂಚಿಕೊಳ್ಳುವ ಯಾವ ಹುಡುಗನಿಗಾದರೂ ಅಂಟಿಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ನಾನೂ ಬಳಸಿದ್ದೇನೆ. ಇವನಿಗಂತೂ ಹಾಜರಿ ಪುಸ್ತಕವೇ ಆ ಅಂಕಿಯನ್ನು ಕೊಟ್ಟುಬಿಟ್ಟಿತ್ತು. ದಿನಾ ಬೆಳಿಗ್ಗೆ ಅದನ್ನು ಕೂಗುವ ಕೆಲಸ ನನ್ನದಾಗಿತ್ತು.

ಎರಡನೇ ವಾರದ ಶುಕ್ರವಾರ, ಕೊನೆಯ ಅವಧಿ ಆಟಕ್ಕೆ ಬಿಟ್ಟಿತ್ತು. ಟೆನಿಸ್ ಬಾಲಿನ ಕ್ರಿಕೆಟ್, ಅಂಪೈರ್ ನಾನು. ಮಾಗಡಿ ಕಡೆಯ ಮಕ್ಕಳಿಗೆ ಕೆ.ಎಲ್. ರಾಹುಲ್ ಎಂದರೆ ಮನೆಯವನಿದ್ದಂತೆ. ರಾಹುಲ್ ತಂದೆ ಲೋಕೇಶ್ ಮಾಗಡಿ ತಾಲ್ಲೂಕಿನವರು, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ರಾಹುಲ್ ಬೆಳೆದದ್ದು ಮಂಗಳೂರಿನ ಕಡೆ. ಆದರೂ ‘ನಮ್ಮೂರೋರು ಸಾರ್’ ಎನ್ನುವುದನ್ನು ಇಲ್ಲಿನ ಮಕ್ಕಳು ಬಿಡುವುದಿಲ್ಲ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಡೆಲ್ಲಿ ಪರ ಔಟಾಗದೆ 93 ರನ್ ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ನಡುವೆ ಊರಿದ್ದರಲ್ಲ, ಅದನ್ನು ನಮ್ಮ ಮೈದಾನದಲ್ಲಿ ಆರು ರನ್ ಹೊಡೆದವನೂ ಮಾಡುತ್ತಿದ್ದ.

ಆ ದಿನ ಕಿಟಕಿ ಪಕ್ಕದ ಹುಡುಗನ ಕಡೆಗೆ ಒಂದು ಕ್ಯಾಚ್ ಬಂತು, ಬಿಟ್ಟುಬಿಟ್ಟ. ಬೌಲಿಂಗ್ ಮಾಡುತ್ತಿದ್ದವನು ‘ನಂಬರ್ರೇ ಒಂಬತ್ತಲ್ವೇನ್ಲಾ, ಎಲ್ ಹಿಡೀತಾನೆ’ ಎಂದ. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಜೋರಾಗಿ ಅಲ್ಲ, ಆದರೆ ಹುಡುಗ ನೋಡಿದ್ದು ನನ್ನ ಕಡೆಗೇ.

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ನನ್ನ ಮಾರ್ಗದರ್ಶಕ ಶಿಕ್ಷಕಿಯನ್ನು ಕೇಳಿದೆ. ‘ಜ್ವರ ಅಂತ ಹೇಳಿ ಕಳ್ಸಿದಾನೆ. ಹೋದ ವರ್ಷಾನೂ ಹಿಂಗೇ ಆಗಿತ್ತು, ಶಾಲೆ ಬಿಡ್ತೀನಿ ಅಂತ ಕೂತಿದ್ದ’ ಎಂದರು. ಶುಕ್ರವಾರದ ಸಂಗತಿ ಹೇಳಿದೆ. ನಾನು ನಕ್ಕಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ‘ಈ ವಿಷ್ಯ ತಗೊಂಡು ಪಾಠ ಮಾಡಿ, ಬೇಡ ಅನ್ನಲ್ಲ. ಆದ್ರೆ ಅವನ ಹೆಸ್ರು, ಆ ನಂಬರು ಎರಡನ್ನೂ ತರಗತೀಲಿ ಎತ್ತಬೇಡಿ. ಎತ್ತಿದ್ರೆ ಇನ್ನೊಂದ್ ಸಲ ಆಡ್ಕೊಂಡ ಹಾಗೆ’ ಎಂದರು. ನನ್ನ ಪಾಠ ಯೋಜನೆ ರೂಪುಗೊಂಡದ್ದು ಈ ಮಾತಿನ ಮೇಲೆ. ಹತ್ತಿರದ ಘಟನೆಯ ಬಗ್ಗೆ ಮಾತನಾಡಲು ದೂರದ ಘಟನೆಯೊಂದು ಬೇಕಿತ್ತು. ಅದು ಮಕ್ಕಳಿಗೆ ಬೇಕಾದವರದ್ದೇ ಆಗಿರಬೇಕು, ಇಲ್ಲದಿದ್ದರೆ ‘ಅವನು ಕೆಟ್ಟವನು’ ಎಂದು ಸುಲಭವಾಗಿ ಮುಗಿಸಿಬಿಡುತ್ತಾರೆ. ಹಾಗಾಗಿ ರಾಹುಲ್ ಅವರನ್ನೇ ಆರಿಸಿಕೊಂಡೆ.

ವಿಜ್ಞಾನದಲ್ಲಿ ಅನುವಂಶೀಯತೆಯ ಘಟಕ ನಡೆಯುತ್ತಿತ್ತು, ಮುಂದಿನ ಕಲಿಕಾಂಶ ಲಿಂಗ ನಿರ್ಧಾರ. ನಮ್ಮ ಕಾಲೇಜಿನ 5ಇ ಮಾದರಿಯಲ್ಲಿ ‘ತೊಡಗಿಸಿಕೊಳ್ಳುವಿಕೆ’ ಹಂತಕ್ಕೆ ಈ ಪ್ರಕರಣ ಹಾಕಿಕೊಂಡೆ. 5 ನಿಮಿಷ ಎಂದು ಬರೆದಿದ್ದೆ. ಆಗಿದ್ದು 22 ನಿಮಿಷ.

ಮಕ್ಕಳಿಗೆ ಹೇಳಿದ್ದು ಇಷ್ಟು. 2019ರ ಜನವರಿ 6ರಂದು ‘ಕಾಫಿ ವಿತ್ ಕರಣ್’ ಎಂಬ ಟಿವಿ ಹರಟೆ ಕಾರ್ಯಕ್ರಮದಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ರಾಹುಲ್ ಕಾಣಿಸಿಕೊಂಡರು. ಹೆಣ್ಣುಮಕ್ಕಳ ಬಗ್ಗೆ ಆಡಿದ ಹಗುರ ಮಾತುಗಳಿಗೆ, ಅದರಲ್ಲೂ ಪಾಂಡ್ಯ ಆಡಿದ ಮಾತುಗಳಿಗೆ, ದೇಶದ ತುಂಬ ಸಿಟ್ಟು ಎದ್ದಿತು. ಇಬ್ಬರೂ ಆಗ ತಂಡದ ಜೊತೆ ಆಸ್ಟ್ರೇಲಿಯಾದಲ್ಲಿದ್ದರು. ಪಾಂಡ್ಯ ಕ್ಷಮೆ ಕೇಳಿದರು. ನಾಯಕ ಕೊಹ್ಲಿ, ಆ ಮಾತುಗಳನ್ನು ತಂಡ ಒಪ್ಪುವುದಿಲ್ಲ ಎಂದರು. ಜನವರಿ 11ರಂದು ಬಿಸಿಸಿಐ ಇಬ್ಬರನ್ನೂ ಅಮಾನತು ಮಾಡಿತು, ಏಕದಿನ ಸರಣಿ ಬಿಟ್ಟು ಮನೆಗೆ ಮರಳಬೇಕಾಯಿತು. ಜನವರಿ 24ರಂದು ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಒಂಬುಡ್ಸ್‌ಮನ್ ಆಗಿದ್ದ ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ 10 ಮಂದಿ ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ ತಲಾ 1 ಲಕ್ಷದಂತೆ. ಉಳಿದ 10 ಲಕ್ಷ ಅಂಧರ ಕ್ರಿಕೆಟ್ ಸಂಸ್ಥೆಗೆ.

ಆ ಮಾತುಗಳು ಏನೆಂದು ನಾನು ಹೇಳಲಿಲ್ಲ, ಹಲಗೆಯ ಮೇಲೆ ಬರೆಯಲೂ ಇಲ್ಲ. ಇದನ್ನು ಮೊದಲೇ ನಿರ್ಧರಿಸಿದ್ದೆ. ಆದರೂ ಎಡವಿದೆ. ಆ ಮಾತುಗಳನ್ನು ಮೊಬೈಲಿನಲ್ಲಿ ನೋಡಿದ್ದ ನಾಲ್ಕೈದು ಹುಡುಗರು ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಕ್ಕರು. ಹುಡುಗಿಯರ ಸಾಲು ಪುಸ್ತಕದ ಕಡೆ ಬಗ್ಗಿತು. ನಾನು ಆ ನಗುವನ್ನು ನಿಲ್ಲಿಸುವ ಭರದಲ್ಲಿ ಹುಡುಗರ ಕಡೆಗೇ ತಿರುಗಿ ಮಾತನಾಡುತ್ತ ಹೋದೆ. ಪಾಠ ವೀಕ್ಷಿಸುತ್ತಿದ್ದ ನನ್ನ ಸಹಪಾಠಿ ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು: ‘ಹೆಣ್ಣುಮಕ್ಕಳ ಗೌರವದ ಬಗ್ಗೆ ಮಾತು. ಮೊದಲ 12 ನಿಮಿಷ ಹೆಣ್ಣುಮಕ್ಕಳಿಗೆ ಒಂದೂ ಪ್ರಶ್ನೆ ಕೇಳಿಲ್ಲ.’ ಓದಿದಾಗ ಮುಖ ಬಿಸಿಯಾಯಿತು. ಈ ಪಾಠವನ್ನು ಬೇರೆ ಯಾರಾದರೂ ಮಾಡುವುದಾದರೆ ಆ ಸಾಲನ್ನು ಮೊದಲು ಓದಿಕೊಳ್ಳಲಿ ಎಂದೇ ಇಲ್ಲಿ ಹಾಕಿದ್ದೇನೆ.

ಆಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ಮೊದಲನೆಯದು ನಿರೀಕ್ಷಿತವೇ. ‘ಜಾಸ್ತಿ ಮಾತಾಡಿದ್ದು ಪಾಂಡ್ಯ ಅಂತ ನೀವೇ ಹೇಳಿದ್ರಿ. ಇಬ್ರಿಗೂ ಒಂದೇ ದಂಡ ಯಾಕೆ ಸಾರ್?’ ಶುಕ್ರವಾರ ಬೌಲಿಂಗ್ ಮಾಡಿದ ಹುಡುಗನೇ ಕೇಳಿದ್ದು. ಇಬ್ಬರೂ ದೇಶದ ಪ್ರತಿನಿಧಿಗಳು, ನಡತೆಯ ನಿಯಮ ಇಬ್ಬರಿಗೂ ಒಂದೇ ಎಂದು ಏನೋ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಪಕ್ಕದಲ್ ಕೂತು ನಗೋರು ಇದ್ರೇನೇ ಸಾರ್ ಹೇಳೋದು. ಒಬ್ಬರೇ ಕೂತು ಯಾರೂ ಹೇಳ್ಕೊಳಲ್ಲ’ ಎಂದಳು. ತರಗತಿ ಸುಮ್ಮನಾಯಿತು. ಅಂಪೈರ್ ಜಾಗದಲ್ಲಿ ನಿಂತಿದ್ದ ನನ್ನ ನೆನಪಾಗಿ ನಾನೂ ಸುಮ್ಮನಾದೆ.

ಎರಡನೆಯದಕ್ಕೆ ನನ್ನ ಬಳಿ ಈಗಲೂ ಉತ್ತರವಿಲ್ಲ. ‘ಮಾತು ಬಂದಿದ್ದು ಹೆಂಗಸ್ರ ಮೇಲೆ. ದುಡ್ಡು ಪೊಲೀಸ್ನೋರ ಮನೆಗೆ, ಕಣ್ಣು ಕಾಣದೋರ ಕ್ರಿಕೆಟ್‌ಗೆ. ನೋವಾದೋರಿಗೆ ಏನ್ ಸಿಕ್ತು ಸಾರ್?’ ಹಣ ಹೋದದ್ದು ಒಳ್ಳೆಯ ಕಡೆಗೇ, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರಶ್ನೆ ಅದಲ್ಲ. ‘ಚೆನ್ನಾಗಿದೆ ಪ್ರಶ್ನೆ, ಯೋಚಿಸೋಣ’ ಎಂದು ನಾವೆಲ್ಲ ಹೇಳುವ ಮಾತು ಹೇಳಿ ಮುಂದೆ ಹೋದೆ. ಅಲ್ಲಿ ನಿಂತಿದ್ದರೆ ಪಾಠ ಇನ್ನೂ ಆಳಕ್ಕೆ ಹೋಗುತ್ತಿತ್ತೇನೋ.

ಮೂರನೆಯದು ‘ಬೇಕೂಂತ ಅಂದಿರಲ್ಲ ಸಾರ್, ಬಾಯ್ ತಪ್ಪಿ ಬಂದಿರುತ್ತೆ’ ಎಂಬ ವಾದ. ಇದಕ್ಕೆ ಇನ್ನೊಂದು ಪ್ರಕರಣ ಇಟ್ಟುಕೊಂಡಿದ್ದೆ. 2020ರ ಲಾಕ್‌ಡೌನ್ ಕಾಲದಲ್ಲಿ ಯುವರಾಜ್ ಸಿಂಗ್, ರೋಹಿತ್ ಶರ್ಮಾ ಜೊತೆ ಲೈವ್ ಹರಟೆಯಲ್ಲಿ ಯಜುವೇಂದ್ರ ಚಾಹಲ್ ಅವರನ್ನು ತಮಾಷೆ ಮಾಡುತ್ತ ಒಂದು ಜಾತಿಯ ಹೆಸರನ್ನು ಬೈಗುಳದಂತೆ ಬಳಸಿದರು. ಒಂದೇ ಒಂದು ಪದ. ಗೆಳೆಯನ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯ ತಮಾಷೆಯೇ ಇರಬಹುದು. ಆದರೆ ಆ ಪದ ಹೋಗಿ ತಗುಲಿದ್ದು ಗೆಳೆಯನಿಗಲ್ಲ, ಆ ಹರಟೆಯಲ್ಲಿ ಇಲ್ಲದ, ಆ ಹೆಸರು ಹೊತ್ತು ಬದುಕುವ ಜನರಿಗೆ. ಜೂನ್ 5ರಂದು ಯುವರಾಜ್ ವಿಷಾದ ವ್ಯಕ್ತಪಡಿಸಿದರು. ಹರಿಯಾಣದ ಹಾಂಸಿಯಲ್ಲಿ ದೂರು ದಾಖಲಾಗಿ 2021ರ ಅಕ್ಟೋಬರ್‌ನಲ್ಲಿ ಬಂಧನ, ಅಂದೇ ಜಾಮೀನು ಆಯಿತು. ‘ಬಾಯಿ ತಪ್ಪಿ’ ಎಂದ ಹುಡುಗನಿಗೆ ಕೇಳಿದೆ: ಕಾಲು ಜಾರಿ ಬಿದ್ದವನು ಇನ್ನೊಬ್ಬನ ಮೇಲೆ ಬಿದ್ದರೆ, ಕೆಳಗಿದ್ದವನಿಗೆ ನೋವು ಕಡಿಮೆಯಾಗುತ್ತದೆಯೇ? ಇಲ್ಲ ಎಂದ. ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಇಂಥ ಉದಾಹರಣೆಗಳು ಮಾತ್ರ ಹೊಳೆಯುತ್ತವೆ.

ಉಳಿದ ಸಮಯದಲ್ಲಿ ಎಕ್ಸ್‌ಎಕ್ಸ್, ಎಕ್ಸ್‌ವೈ ಚೌಕ ಬಿಡಿಸಿದೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನ ಮೇಲೆ ನಿಂತಿದೆ ಎಂದಾಗ ಎಂದಿನಂತೆ ಹುಡುಗಿಯರು ನಿಟ್ಟುಸಿರು ಬಿಟ್ಟರು, ಅವರ ಮನೆಗಳಲ್ಲಿ ತಾಯಂದಿರು ಕೇಳಿಸಿಕೊಂಡದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಚೌಕದಲ್ಲಿ ಎರಡೇ ಬಗೆ ಕಾಣುತ್ತದೆ, ಬದುಕಿನಲ್ಲಿ ಅಷ್ಟೇ ಇಲ್ಲ ಎಂದೂ ಹೇಳಿದೆ. ಎಕ್ಸ್‌ಎಕ್ಸ್‌ವೈ ಇರುವವರೂ, ಒಂದೇ ಎಕ್ಸ್ ಇರುವವರೂ ಇದ್ದಾರೆ. ತಾನು ಯಾರು ಎಂಬ ಒಳಗಿನ ಅರಿವನ್ನು ಚೌಕದಿಂದ ಓದಲು ಆಗುವುದಿಲ್ಲ. ಇದು ಪಠ್ಯದಲ್ಲಿಲ್ಲ, ಕೇಳಬಹುದೆಂದು ಮಾರ್ಗದರ್ಶಕರ ಒಪ್ಪಿಗೆ ಪಡೆದಿದ್ದೆ. ಮಂಜಮ್ಮ ಜೋಗತಿಯವರ ಚಿತ್ರ ತೋರಿಸಿದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದವರು. ಆ ವಿಡಿಯೋ ಹಲವರು ನೋಡಿದ್ದರು. ಯಾರೂ ನಗಲಿಲ್ಲ. ಆ ಅಂಕಿಯನ್ನು ನಾನು ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ.

ಕೊನೆಯ ಐದು ನಿಮಿಷಕ್ಕೆ ಬರವಣಿಗೆ. ಹಲಗೆಯ ಮೇಲೆ ಎರಡು ವಾಕ್ಯ ಬರೆದೆ. ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ.’ ‘ನಾನು ಹೀಗೆ ಅಂದೆ, ಅದು ತಪ್ಪು, ಕ್ಷಮಿಸಿ.’ ವ್ಯತ್ಯಾಸವೇನು? ‘ಮೊದಲನೇದ್ರಲ್ಲಿ ನೋವಾಗಿದ್ಯೋ ಇಲ್ವೋ ಅಂತ ಅವ್ರಿಗೆ ಡೌಟು’ ಎಂದು ಒಬ್ಬ ಬರೆದ. ‘“ಇದ್ದರೆ” ತೆಗೆದ್ರೆ ಸರಿಹೋಗುತ್ತೆ’ ಎಂದು ಇನ್ನೊಬ್ಬಳು. ಕನ್ನಡ ಶಿಕ್ಷಕರಿಗೆ ತೋರಿಸಿದಾಗ, ಪಕ್ಷಾರ್ಥಕ ರೂಪಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕೊಟ್ಟಿಲ್ಲ ಎಂದು ನಕ್ಕರು. 38ರಲ್ಲಿ 31 ಚೀಟಿ ಬಂದವು. ಕೆಲವು ಹಲಗೆಯದ್ದನ್ನೇ ನಕಲು ಮಾಡಿದ್ದವು. ಒಂದು ಚೀಟಿಯಲ್ಲಿ, ಯಾರಿಗೆ ಎಂದು ಬರೆಯದೆ, ‘ಕ್ಯಾಚ್ ಬಿಟ್ಟಿದ್ದಕ್ಕೆ ಹಂಗನ್ನಬಾರದಿತ್ತು’ ಎಂದಿತ್ತು.

ಬುಧವಾರ ಹುಡುಗ ಬಂದ. ಪಾಠದ ಪರಿಣಾಮವಲ್ಲ, ಪಾಠ ಆದಾಗ ಅವನು ಇರಲೇ ಇಲ್ಲ. ಮಾರ್ಗದರ್ಶಕ ಶಿಕ್ಷಕಿ ಹಿಂದಿನ ಸಂಜೆ ಅವನ ಮನೆಗೆ ಹೋಗಿ ಅವನ ಅಮ್ಮನ ಜೊತೆ ಮಾತನಾಡಿದ್ದರು. ಬಿಸಿಯೂಟದ ಹೊತ್ತಿಗೆ ಕೈತೊಳೆಯುವ ನಲ್ಲಿಯ ಹತ್ತಿರ ಸಿಕ್ಕ. ‘ಶುಕ್ರವಾರ ನಾನು ನಕ್ಕೆ. ಅದು ತಪ್ಪು, ಕ್ಷಮಿಸಪ್ಪ’ ಎಂದೆ. ಹಿಂದಿನ ದಿನ ಹಲಗೆಯ ಮೇಲೆ ಬರೆದು ತೋರಿಸಿದ್ದ ವಾಕ್ಯವೇ, ಹೇಳುವಾಗ ನಾಲಿಗೆ ತಡವರಿಸಿತು. ಅವನು ತಟ್ಟೆ ತೊಳೆಯುತ್ತಲೇ ‘ಬೇರೆಯೋರು ನಗೋದು ಅಭ್ಯಾಸ ಆಗೈತೆ ಸಾರ್. ನೀವ್ ನಗ್ತೀರ ಅಂದ್ಕೊಂಡಿರ್ಲಿಲ್ಲ’ ಎಂದ. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ರಾಹುಲ್ 2024ರಲ್ಲಿ ಒಂದು ಸಂದರ್ಶನದಲ್ಲಿ ಆ ಅಮಾನತಿನ ಬಗ್ಗೆ ಮಾತನಾಡಿದ್ದಾರೆ. ಶಾಲೆಯಲ್ಲಿ ಒಮ್ಮೆಯೂ ಶಿಕ್ಷೆಗೆ ಒಳಗಾಗದವನು, ಆಗ ಏನು ಮಾಡಬೇಕೆಂದೇ ತೋಚಲಿಲ್ಲ, ಆ ಘಟನೆ ತನ್ನನ್ನು ಬದಲಿಸಿತು ಎಂಬ ಅರ್ಥದ ಮಾತು. ಅಮಾನತು ತೆರವಾದ ಮೇಲೆ ಭಾರತ ‘ಎ’ ತಂಡದಲ್ಲಿ ರಾಹುಲ್ ದ್ರಾವಿಡ್ ಜೊತೆ ಕಳೆದ ದಿನಗಳು ನೆರವಾದವೆಂದೂ ಹಿಂದೆ ಹೇಳಿದ್ದರು. ಶಾಲೆಯಲ್ಲಿ ಶಿಕ್ಷೆ ಆಗದಿದ್ದದ್ದು ಒಳ್ಳೆಯ ಹುಡುಗನ ಗುರುತು ಎಂದೇ ಮಕ್ಕಳು ತೆಗೆದುಕೊಂಡರು. ನನಗೆ ಹಾಗನ್ನಿಸಲಿಲ್ಲ. ಶಾಲೆಯಲ್ಲಿ ಯಾರೂ ತಡೆಯದ ಮಾತುಗಳು ಎಷ್ಟಿರುತ್ತವೆ ಎಂಬುದು ನನ್ನ ಹೈಸ್ಕೂಲಿನಿಂದಲೇ ನನಗೆ ಗೊತ್ತು. ನನಗೂ ಆ ಅಂಕಿಗಾಗಿ ಯಾವ ಮೇಷ್ಟ್ರೂ ಏನೂ ಅಂದಿರಲಿಲ್ಲ.

ಹಾಜರಿ ವಿಷಯ. ಮರುದಿನದಿಂದ ಸಂಖ್ಯೆ ಬಿಟ್ಟು ಹೆಸರು ಕೂಗಲು ಶುರು ಮಾಡಿದೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ 38 ಹೆಸರುಗಳು ಒಂದು ವಾರದಲ್ಲಿ ಬಾಯಿಗೆ ಬಂದವು. ನಮ್ಮ ಕಾಲೇಜಿನ ಉಪನ್ಯಾಸಕರು ಮೌಲ್ಯಮಾಪನಕ್ಕೆ ಬಂದ ದಿನ ಮಾತ್ರ ಬೇರೊಬ್ಬ ಶಿಕ್ಷಕರು ಹಾಜರಿ ಕೂಗಿದರು, ಹಳೆಯ ರೂಢಿಯಲ್ಲೇ. ‘ಎಂಟು’ ಎಂದಾಗ ನಾನು ಹಿಂದಿನ ಬೆಂಚುಗಳ ಕಡೆ ನೋಡಿದೆ. ‘ಒಂಬತ್ತು’ ಎಂದರು. ಒಬ್ಬ ಕೆಮ್ಮಿದ, ಪಕ್ಕದವನು ಅವನನ್ನು ಮೊಣಕೈಯಿಂದ ತಿವಿದ. ನಗಲಿಕ್ಕೋ, ಸುಮ್ಮನಿರು ಎನ್ನಲಿಕ್ಕೋ, ನನಗೆ ತಿಳಿಯಲಿಲ್ಲ. ಕಿಟಕಿ ಪಕ್ಕದಿಂದ ‘ಪ್ರೆಸೆಂಟ್ ಸಾರ್’ ಬಂತು. ಅವರು ‘ಹತ್ತು’ ಎಂದರು.