ಹಾರಲಾರದ ಹಕ್ಕಿಯ ಗುರುತುಳ್ಳ ವಾಯುಪಡೆ

ನ್ಯೂಜಿಲೆಂಡಿನ ವಾಯುಪಡೆಯ ವಿಮಾನಗಳ ಮೇಲೆ ವೃತ್ತಾಕಾರದ ಗುರುತೊಂದುಂಟು; ಅದರ ನಡುವೆ ಇರುವುದು ಕಿವಿ ಎಂಬ ಹಕ್ಕಿ. (ನಮ್ಮ ಕನ್ನಡದ ಕಿವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಈ ಹಕ್ಕಿಗೆ ಹಾರಲು ಬಾರದು. 2001ರಲ್ಲಿ ಆ ದೇಶವು ತನ್ನ ಕಾಳಗದ ವಿಮಾನದಳವನ್ನೇ ವಿಸರ್ಜಿಸಿತೆಂದು ಕೇಳಿದಾಗ ಈ ಗುರುತು ನಗೆ ತರಿಸುವುದು ಸಹಜ. ಆದರೆ ಆ ನಿರ್ಧಾರದ ಹಿಂದೆ ಹಣದ ಲೆಕ್ಕದೊಡನೆ ಭೌತಶಾಸ್ತ್ರದ ಲೆಕ್ಕವೂ ಇದೆ. ಅದನ್ನೇ ಇಲ್ಲಿ ಪರಿಶೀಲಿಸೋಣ.

ಆ ದೇಶದ ಮೊದಲ ಸೈನಿಕ ವಿಮಾನ 1913ರಲ್ಲಿ ಉಡುಗೊರೆಯಾಗಿ ಬಂದ ಒಂದು ಬ್ಲೇರಿಯೋ. ಅದರ ಬಳಕೆ ಹೆಚ್ಚೇನೂ ಆಗಲಿಲ್ಲ. 1923ರಲ್ಲಿ ಸ್ಥಾಯೀ ವಾಯುದಳವೊಂದು ಏರ್ಪಟ್ಟು, 1937ರ ಏಪ್ರಿಲ್ 1ರಂದು ವಾಯುಪಡೆಯು ಸ್ವತಂತ್ರ ಸೇನಾಂಗವಾಯಿತು. ಎರಡನೆಯ ಮಹಾಯುದ್ಧ ಅದನ್ನು ಊಹೆಗೂ ಮೀರಿ ಬೆಳೆಸಿತು. ಸುಮಾರು 16 ಲಕ್ಷ ಜನರಿದ್ದ ಆ ದೇಶಕ್ಕೆ ಕೋರ್ಸೇರ್ ಎಂಬ ಒಂದೇ ಜಾತಿಯ ವಿಮಾನಗಳು 424 ಬಂದವು! 1940ರಲ್ಲಿ ಲಂಡನ್ನಿನ ಆಗಸವನ್ನು ಕಾಯ್ದ ದಳನಾಯಕ ಕೀತ್ ಪಾರ್ಕ್ ನ್ಯೂಜಿಲೆಂಡಿನವನೇ. ಯುದ್ಧ ಮುಗಿದೊಡನೆ ನೂರಾರು ವಿಮಾನಗಳು ರುಕುಹಿಯಾ ಎಂಬಲ್ಲಿ ಸಾಲಾಗಿ ನಿಂತು ಗುಜರಿಯ ಪಾಲಾದವು.

ಅಲ್ಲಿಂದ ಮುಂದೆ ಎಣಿಕೆ ಇಳಿಯುತ್ತಲೇ ಹೋಯಿತು. ಜೆಟ್ ವಿಮಾನ ಒಂದೊಂದಕ್ಕೂ ಹಿಂದಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆ; ಅದನ್ನು ಸುಸ್ಥಿತಿಯಲ್ಲಿಡಲು ಬೇಕಾದ ನುರಿತ ಕೈಗಳೂ ಹೆಚ್ಚು. 1970ರಲ್ಲಿ ಅಮೆರಿಕದಿಂದ ಬಂದ ಸ್ಕೈಹಾಕ್‌ಗಳು ಕೇವಲ 14. 1984ರಲ್ಲಿ ಆಸ್ಟ್ರೇಲಿಯದ ನೌಕಾಪಡೆಯಿಂದ ಇನ್ನು 10 ಬಂದವು. ಆ ದಶಕದ ಕೊನೆಗೆ ಇವುಗಳಿಗೆ ಹೊಸ ರೇಡಾರ್, ಹೊಸ ಉಪಕರಣಗಳನ್ನು ಕೂಡಿಸಲಾಯಿತು. ಕಣ್ಣು ಹೊಸದಾಯಿತು, ಮೈ ಮಾತ್ರ ಹಳೆಯದೇ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಕಡೆಗೆ ಅದು ತುಂಡಾಗುವುದನ್ನು ನಾವೆಲ್ಲ ಬಲ್ಲೆವು. ಪ್ರತಿ ತಿರುವಿನಲ್ಲಿಯೂ ಬಾಗಿ ಚೇತರಿಸಿಕೊಳ್ಳುವ ರೆಕ್ಕೆಯ ಲೋಹಕ್ಕೂ ಇದೇ ದಣಿವು ತಪ್ಪದು. ಕಡಲಿನ ಉಪ್ಪುಗಾಳಿಯಂತೂ ಅದಕ್ಕೆ ಇನ್ನೊಂದು ಶತ್ರು.

ಇನ್ನು ಭೂಗೋಳದ ಮಾತು. ತೀರ ಹತ್ತಿರದ ದೊಡ್ಡ ನೆರೆ ದೇಶವೆಂದರೆ ಆಸ್ಟ್ರೇಲಿಯ. ಆಕ್ಲೆಂಡಿನಿಂದ ಸಿಡ್ನಿಗೆ 2,000 ಕಿಲೋಮೀಟರಿಗೂ ಮಿಗಿಲು. ಆಯುಧ ಹೊತ್ತ ಸ್ಕೈಹಾಕ್, ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳದೆ, ಅಷ್ಟು ದೂರ ಹೋಗಿ ಮರಳಲಾರದು. ಅತ್ತ, ಹಡಗು ಮುಳುಗಿದರೆ ಹುಡುಕುವ ಹೊಣೆ ಆ ದೇಶಕ್ಕೆ ಬಿದ್ದಿರುವ ಕ್ಷೇತ್ರ ಸುಮಾರು 3 ಕೋಟಿ ಚದರ ಕಿಲೋಮೀಟರು. ನಮ್ಮ ಭಾರತದ ಒಂಬತ್ತರಷ್ಟು! ಅಲ್ಲಿ ಬೇಕಾದುದು ವೇಗವಲ್ಲ, ಬಹಳ ಹೊತ್ತು ಮೇಲೆ ಇರಬಲ್ಲ ತಾಳ್ಮೆ.

ವೇಗಕ್ಕೂ ತಾಳ್ಮೆಗೂ ಏಕೆ ಹೊಂದುವುದಿಲ್ಲ? ಯಾವ ವಿಮಾನವಾದರೂ ಗಾಳಿಯನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ಸಾಗುತ್ತದೆ. ಲೆಕ್ಕ ಸುಲಭವಾಗಲೆಂದು ವಿಮಾನ ನೆಲದ ಮೇಲೆ ನಿಂತಿದೆಯೆಂದು ಭಾವಿಸೋಣ. ಸೆಕೆಂಡಿಗೆ 1 ಕಿಲೋಗ್ರಾಂ ಗಾಳಿಯನ್ನು 400 ಮೀಟರ್ ವೇಗದಲ್ಲಿ ತಳ್ಳಿದರೆ ದೊರೆಯುವ ಬಲ 400 ನ್ಯೂಟನ್. 10 ಕಿಲೋಗ್ರಾಂ ಗಾಳಿಯನ್ನು 40 ಮೀಟರ್ ವೇಗದಲ್ಲಿ ತಳ್ಳಿದರೂ ಬಲ ಅಷ್ಟೇ. ಆದರೆ ಗಾಳಿಗೆ ಕೊಡಬೇಕಾದ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ: ಮೊದಲನೆಯದರಲ್ಲಿ ಸೆಕೆಂಡಿಗೆ 80,000 ಜೂಲ್, ಎರಡನೆಯದರಲ್ಲಿ 8,000 ಜೂಲ್ ಮಾತ್ರ. ಬಹಳ ಗಾಳಿಯನ್ನು ಮೆಲ್ಲನೆ ತಳ್ಳುವುದೇ ಮಿತವ್ಯಯ. ದೊಡ್ಡ ಪ್ರೊಪೆಲರ್ ಮಾಡುವುದು ಇದನ್ನೇ. ವಿಮಾನದ ವೇಗ ಬಹಳ ಹೆಚ್ಚಿದರೆ ಈ ಲಾಭ ಕರಗುತ್ತದೆಂಬುದು ನಿಜ. ಕಡಲನ್ನು ಹುಡುಕುವವರಿಗೆ ಅಂಥ ವೇಗವೇ ಬೇಡ. 1966ರಲ್ಲಿ ಬಂದ ಓರಿಯನ್ ವಿಮಾನಗಳಿಗೆ ಇಂಥ ನಾಲ್ಕು ಪ್ರೊಪೆಲರ್ ಯಂತ್ರಗಳು. ಅವುಗಳಲ್ಲೊಂದನ್ನು ನಿಲ್ಲಿಸಿ ಇಂಧನ ಉಳಿಸುತ್ತ ಸುತ್ತುವುದೂ ಉಂಟು.

1999ರಲ್ಲಿ ಅಮೆರಿಕದಿಂದ 28 ಎಫ್-16 ವಿಮಾನಗಳನ್ನು ಬಾಡಿಗೆಗೆ ಪಡೆಯುವ ಒಪ್ಪಂದವಾಯಿತು. ಇವು ಮೂಲತಃ ಪಾಕಿಸ್ತಾನಕ್ಕೆಂದು ತಯಾರಾಗಿ, ಅಮೆರಿಕದ ನಿರ್ಬಂಧದಿಂದ ಅಲ್ಲೇ ಉಳಿದವು. ಬಾಡಿಗೆ ಅಗ್ಗವೇ ಆಗಿದ್ದಿತು. ಆದರೆ ಹೆಲೆನ್ ಕ್ಲಾರ್ಕ್ ಅವರ ಸರ್ಕಾರ 2000ದಲ್ಲಿ ಅದನ್ನು ರದ್ದುಪಡಿಸಿತು. 2001ರ ಡಿಸೆಂಬರಿನಲ್ಲಿ ದಳ ವಿಸರ್ಜನೆಯಾಯಿತು. ಭೂಗೋಳವನ್ನು ನೋಡಿದರೆ ಈ ತೀರ್ಮಾನ ಅಯುಕ್ತವೆಂದು ನಮಗೆ ತೋರುವುದಿಲ್ಲ. ಆದರೆ ನಷ್ಟವನ್ನು ವಿಮಾನಗಳ ಬೆಲೆಯಿಂದ ಅಳೆಯುವವರು ತಪ್ಪುತ್ತಾರೆ. ಚಾಲಕರು ಹಲವರು ಪರದೇಶದ ವಾಯುಪಡೆಗಳನ್ನು ಸೇರಿದರು. ಮೂವತ್ತು ವರ್ಷ ಒಬ್ಬರಿಂದೊಬ್ಬರಿಗೆ ಹರಿದುಬಂದ ವಿದ್ಯೆ ಅಲ್ಲಿಗೆ ಕಡಿಯಿತು. ನಾಳೆ ಹಣ ಒದಗಿದರೂ ಕಲಿಸುವವರನ್ನು ಹೊರಗಿನಿಂದ ಕರೆತರಬೇಕಾಗುತ್ತದೆ. ಸ್ಕೈಹಾಕ್‌ಗಳಲ್ಲಿ ಎಂಟು 2012ರಲ್ಲಿ ಅಮೆರಿಕದ ಖಾಸಗಿ ಸಂಸ್ಥೆಯೊಂದಕ್ಕೆ ಮಾರಾಟವಾದವು. ಉಳಿದವುಗಳಲ್ಲಿ ಹೆಚ್ಚಿನವು ವಸ್ತುಸಂಗ್ರಹಾಲಯಗಳಿಗೆ ಸಂದವು.

ಓರಿಯನ್‌ಗಳು 2023ರವರೆಗೆ ದುಡಿದವು. ಅವುಗಳ ಸ್ಥಾನಕ್ಕೆ ಬಂದ ನಾಲ್ಕು ಪೊಸೈಡನ್‌ಗಳು ಜೆಟ್ ವಿಮಾನಗಳೇ. ಆದರೆ ಯಂತ್ರದ ಮುಂಭಾಗದ ದೊಡ್ಡ ಬೀಸಣಿಗೆ ಬಹುಪಾಲು ಗಾಳಿಯನ್ನು ಉರಿಯುವ ಗರ್ಭಕ್ಕೆ ತಾಗಿಸದೆ ಹಿಂದಕ್ಕೆ ತಳ್ಳುತ್ತದೆ; ಕೋಶದೊಳಗೆ ಅಡಗಿದ ಪ್ರೊಪೆಲರ್ ಎಂದರೂ ಸಲ್ಲುತ್ತದೆ. 2022ರ ಜನವರಿ 15ರಂದು ಟೋಂಗಾದ ಕಡಲೊಳಗಿನ ಜ್ವಾಲಾಮುಖಿ ಸಿಡಿದು ಆ ದ್ವೀಪಗಳ ಸಂಪರ್ಕವೇ ಕಡಿದಾಗ, 17ರಂದು ಅವುಗಳ ಮೇಲೆ ಹಾರಿ ಬೂದಿ ಮುಚ್ಚಿದ ಊರುಗಳ ಚಿತ್ರಗಳನ್ನು ತಂದುದು ಇದೇ ಪಡೆಯ ಓರಿಯನ್. ರನ್‌ವೇ ಮೇಲಿನ ಬೂದಿಯನ್ನು ಜನರು ಗುಡಿಸಿ ತೆಗೆದ ಮೇಲೆ, 20ರಂದು, ನೀರಿನ ಪಾತ್ರೆಗಳನ್ನು ಹೊತ್ತ ಅದರ ಹರ್ಕ್ಯುಲಿಸ್ ಅಲ್ಲಿ ಇಳಿಯಿತು.