ಫ್ಯಾನ್ ತಿರುಗುತ್ತಿದ್ದರೂ ಕರೆಂಟ್ ಯಾಕೆ ಹೋಗುತ್ತದೆ?



ಯಲಬುರ್ಗಾ, ಕುಷ್ಟಗಿ ಕಡೆಯ ಎರಿ ಹೊಲಗಳಲ್ಲಿ ದೊಡ್ಡ ದೊಡ್ಡ ಗಾಳಿಯಂತ್ರಗಳಿವೆ. ನಾವು ಅವುಗಳಿಗೆ ಫ್ಯಾನ್ ಅಂತೀವಿ. "ಫ್ಯಾನ್ ನಮ್ಮ ಹೊಲದಾಗ ತಿರಗತೈತಿ, ಕತ್ತಲಿ ಮಾತ್ರ ನಮ್ಮ ಮನಿಯಾಗ" ಎಂದು ಹಿರಿಯರು ಅನ್ನುತ್ತಾರೆ. ಇದು ಯಾಕೆ ಹೀಗೆ? ತಿಳಿಯೋಣ ಬರ್ರಿ.

ಕರೆಂಟಿನ ದಾರಿ

ಗಾಳಿಗೆ ರೆಕ್ಕೆ ತಿರುಗಿದಾಗ ಜನರೇಟರ್ ವಿದ್ಯುತ್ ಉತ್ಪಾದಿಸುತ್ತದೆ. ಬಹಳ ಯಂತ್ರಗಳಲ್ಲಿ ಅದು ಸುಮಾರು 690 ವೋಲ್ಟ್ ಇರುತ್ತದೆ. ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ದೂರ ಕಳಿಸಿದರೆ ತಂತಿ ಕಾಯ್ದು ವಿದ್ಯುತ್ ಹಾಳಾಗುತ್ತದೆ. ಆದ್ದರಿಂದ ಅಲ್ಲಿರುವ ಟಿ.ಸಿ. ಅದನ್ನು 33,000 ವೋಲ್ಟಿಗೆ ಏರಿಸುತ್ತದೆ. ಹಳ್ಳಗಳು ಕೂಡಿ ಹೊಳೆ ಆಗುವಂತೆ ಅನೇಕ ಫ್ಯಾನುಗಳ ತಂತಿ ಒಂದು ಸಬ್‌ಸ್ಟೇಷನ್ನಿಗೆ ಬಂದು ಸೇರುತ್ತವೆ. ಅಲ್ಲಿ 1,10,000 ಅಥವಾ 2,20,000 ವೋಲ್ಟ್ ಆಗಿ ದೊಡ್ಡ ಜಾಲಕ್ಕೆ ಹೋಗುತ್ತದೆ. ಈ ಜಾಲಕ್ಕೆ ಗ್ರಿಡ್ ಎಂದು ಹೆಸರು. ಮುನಿರಾಬಾದಿನ ನೀರಿನ ಕರೆಂಟ್, ಶಕ್ತಿನಗರದ ಕಲ್ಲಿದ್ದಲಿನ ಕರೆಂಟ್ ಎಲ್ಲಾ ಅಲ್ಲಿಗೇ ಬರುತ್ತವೆ. ಗಂಗಾವತಿಯ ಅಕ್ಕಿ ಗಿರಣಿ ನಡೆಯುವುದೂ ಅದರಿಂದಲೇ.

ಗ್ರಿಡ್‌ನಿಂದ ಹಂತ ಹಂತವಾಗಿ ಇಳಿದು 11,000 ವೋಲ್ಟ್ ನಮ್ಮೂರ ಟಿ.ಸಿ.ಗೆ ಬರುತ್ತದೆ, ಅಲ್ಲಿಂದ 230 ವೋಲ್ಟ್ ಮನೆಗೆ. ಅಂದರೆ ಫ್ಯಾನಿನಿಂದ ಮನೆಗೆ ನೇರ ತಂತಿ ಇಲ್ಲ. ಊರಿನ ಲೈನ್ ಹರಿದರೆ ಅಥವಾ ಟಿ.ಸಿ. ಸುಟ್ಟರೆ ಫ್ಯಾನ್ ತಿರುಗಿದರೂ ಊರು ಕತ್ತಲೆ!

ಗಾಳಿಯನ್ನು ಕೂಡಿಸುವುದು ಯಾಕೆ ಕಷ್ಟ?

ಕೊಪ್ಪಳದ ಗವಿಮಠದ ತೇರು ನೋಡಿದ್ದೀರಿ. ಎಲ್ಲರೂ ಕೂಡಿ ಎಳೆದರೆ ತೇರು ಸಮನಾಗಿ ಸಾಗುತ್ತದೆ. ಕೆಲವರು ಹಗ್ಗ ಬಿಟ್ಟರೆ ನಿಧಾನ ಆಗುತ್ತದೆ, ಹೆಚ್ಚು ಜಗ್ಗಿದರೆ ಓಡುತ್ತದೆ. ಗ್ರಿಡ್ ಕೂಡಾ ಹಾಗೇ. ಅದರ ವೇಗ ಸೆಕೆಂಡಿಗೆ 50 ಸುತ್ತು. ಇದಕ್ಕೆ 50 ಹರ್ಟ್ಸ್ ಎನ್ನುತ್ತಾರೆ. ಜನ ಬಳಸುವಷ್ಟೇ ಕರೆಂಟ್ ಅದೇ ಕ್ಷಣದಲ್ಲಿ ತಯಾರಾಗಬೇಕು. ಜ್ವಾಳದ ಹಾಗೆ ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲ. ದೊಡ್ಡ ಬ್ಯಾಟರಿಗಳು ಬಂದಿವೆ, ಆದರೆ ಎಲ್ಲದಕ್ಕೂ ಅವು ಸಾಲುವುದಿಲ್ಲ.

ಆದರೆ ಗಾಳಿ ನಮ್ಮ ಮಾತು ಕೇಳುತ್ತದೆಯೆ? ಸೆಕೆಂಡಿಗೆ ಸುಮಾರು 3 ಮೀಟರ್ ವೇಗ ಇಲ್ಲದಿದ್ದರೆ ಫ್ಯಾನ್ ಕರೆಂಟ್ ಕೊಡುವುದಿಲ್ಲ. ಸುಮಾರು 25 ಮೀಟರ್ ಮೀರಿದರೆ ಮುರಿಯಬಾರದೆಂದು ತಾನೇ ನಿಲ್ಲುತ್ತದೆ. ಆಷಾಢದಲ್ಲಿ ಗಾಳಿ ಬಹಳ, ಬೇಸಿಗೆಯಲ್ಲಿ ಕಡಿಮೆ. ಆದ್ದರಿಂದ ನಾಳೆ ಎಷ್ಟು ಕರೆಂಟ್ ಬರಬಹುದು ಎಂದು ದಿನವನ್ನು 15 ನಿಮಿಷದ ಭಾಗ ಮಾಡಿ ಮೊದಲೇ ಲೆಕ್ಕ ಕೊಡಬೇಕು. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಹಗಲು ರಾತ್ರಿ ಇದನ್ನು ನೋಡುತ್ತಾರೆ. ಗಾಳಿ ಬಿದ್ದರೆ ಶರಾವತಿಯ ನೀರಿನ ಯಂತ್ರಗಳನ್ನು ಲಗೂನ ಸುರು ಮಾಡಬಹುದು. ಕಲ್ಲಿದ್ದಲಿನ ಬಾಯ್ಲರ್ ಕಾಯಲು ತಾಸುಗಟ್ಟಲೆ ಬೇಕು.

ಗ್ರಿಡ್ ದೊಡ್ಡದಾದಷ್ಟೂ ಒಬ್ಬರಿಗೊಬ್ಬರು ಆಸರೆ. 1997ರವರೆಗೆ ನಮ್ಮ ಊರುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಅದೇ ರಾಯಚೂರಿನಿಂದ ಸೊಲ್ಲಾಪುರಕ್ಕೆ 7,65,000 ವೋಲ್ಟಿನ ಲೈನ್ ಎಳೆದು, 31-12-2013ರಂದು ದಕ್ಷಿಣ ಭಾರತದ ಗ್ರಿಡ್ಡನ್ನು ದೇಶದ ಗ್ರಿಡ್ಡಿಗೆ ಕೂಡಿಸಿದರು. ಅಂದಿನಿಂದ ದೇಶವೆಲ್ಲಾ ಒಂದೇ ತೇರು!

ಹಾಗಾದರೆ ಹಿರಿಯರ ಮಾತಿಗೆ ಉತ್ತರ ಏನು? ಆಷಾಢದಲ್ಲಿ ನಾವು ಕೊಡುತ್ತೇವೆ, ಗಾಳಿ ಇಲ್ಲದಾಗ ಬೇರೆಯವರಿಂದ ತಗೋತೀವಿ. ಆದರೆ ಮನೆಯಲ್ಲಿ ದೀಪ ಉರಿಯಲು ಇನ್ನಷ್ಟು ಫ್ಯಾನ್ ಬಂದರೆ ಸಾಲದು, ಊರಿನ ಲೈನ್ ಮತ್ತು ಟಿ.ಸಿ. ಗಟ್ಟಿ ಇರಬೇಕು. ಗ್ರಾಮಸಭೆಯಲ್ಲಿ ನಾವು ಕೇಳಬೇಕಾದದ್ದು ಇದನ್ನೇ.

ನೆನಪಿಡಿ: ಕರೆಂಟ್ ಹೋಗಿದೆ ಎಂದು ಹರಿದು ಬಿದ್ದ ತಂತಿ ಮುಟ್ಟಬಾರದು. ಅದರಲ್ಲಿ ಯಾವಾಗ ಬೇಕಾದರೂ ಕರೆಂಟ್ ಬರಬಹುದು. ದನಕರುಗಳನ್ನೂ ಹತ್ತಿರ ಬಿಡಬೇಡಿರಿ. ದೂರ ನಿಂತು ದೊಡ್ಡವರನ್ನು ಕರೆದು 1912ಕ್ಕೆ ಫೋನ್ ಮಾಡಿಸಿರಿ.

ಲೆಕ್ಕ ಮಾಡಿರಿ: ಒಂದು ದಿನದಲ್ಲಿ 15 ನಿಮಿಷದ ಭಾಗಗಳು ಎಷ್ಟು?

— 7ನೇ ತರಗತಿ